ಕಾರ್ಖಾನೆ ಮುಚ್ಚುತ್ತಾರಂತೆ: ತುಮಕೂರಿನ ಎಲೆಕ್ಟ್ರಾನಿಕ್ಸ್ ಕಾರ್ಮಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ ಕಡೆ ಶಿಫ್ಟ್ ಬಸ್ಸಿನಲ್ಲಿ ಓಡಾಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. "ಆರ್ಡರ್ ಇಲ್ವಂತೆ", "ಅರ್ಧ ಜನನ ತೆಗೀತಾರಂತೆ", "ಮಾರ್ಚ್ ಆದ್ಮೇಲೆ ಗೇಟ್ ಹಾಕ್ತಾರಂತೆ" ಎಂಬ ಮಾತು ಕ್ಯಾಂಟೀನಿನಲ್ಲಿ ಶುರುವಾದ ದಿನ ಇದನ್ನು ಓದಿ. ಪೂರ್ತಿ ಓದಲು ಪುರುಸೊತ್ತು ಇಲ್ಲದಿದ್ದರೆ ರಾಜೀನಾಮೆ ಬಗ್ಗೆ ಇರುವ ಪ್ರಶ್ನೆಯನ್ನಾದರೂ ಓದಿಕೊಳ್ಳಿ. ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ.

ಮುಚ್ಚುತ್ತಾರೆ ಅನ್ನೋದು ಗಾಳಿಸುದ್ದಿಯೋ ನಿಜವೋ, ಹೇಗೆ ಗೊತ್ತಾಗುತ್ತೆ?

ಮ್ಯಾನೇಜರ್ ಮುಖ ನೋಡಿ ಏನೂ ಗೊತ್ತಾಗುವುದಿಲ್ಲ. ಅವರಿಗೂ ಕೊನೇವರೆಗೆ ಹೇಳಿರುವುದಿಲ್ಲ. ಲೈನ್ ನೋಡಿ.

ಬೋರ್ಡಿನ ಮೇಲೆ ಮೆಷಿನ್ನಿನಿಂದ ಬಿಡಿಭಾಗ ಕೂರಿಸುವ ಎಸ್‌ಎಂಟಿ ಲೈನಿನಲ್ಲಿ ಕೆಲಸ ಮಾಡುವವರಿಗೆ ಇದು ಬೇಗ ಕಾಣುತ್ತದೆ. ಕೆಲಸ ಚೆನ್ನಾಗಿದ್ದಾಗ ಮುಂದಿನ ವಾರದ ಮಾಡೆಲ್‌ಗೆ ಬೇಕಾದ, ಬಿಡಿಭಾಗ ಸುತ್ತಿದ ರೀಲ್‌ಗಳು ರ‍್ಯಾಕಿನಲ್ಲಿ ಚೀಟಿ ಅಂಟಿಸಿಕೊಂಡು ಕಾಯುತ್ತಿರುತ್ತವೆ. ಕೆಲಸ ಇಳಿಯುವಾಗ ಅರ್ಧ ಬಳಸಿದ ರೀಲ್‌ಗಳನ್ನು ಎಣಿಸಿ, ಕವರಿಗೆ ಹಾಕಿ ಸೀಲ್ ಮಾಡಿ ಸ್ಟೋರ್‌ಗೆ ವಾಪಸ್ ಕಳಿಸುತ್ತಾರೆ. ಸೋಲ್ಡರ್ ಪೇಸ್ಟ್ ಇಡುವ ಫ್ರಿಜ್ ಬಾಗಿಲು ತೆಗೆದು ನೋಡಿ. ಪೇಸ್ಟ್ ಜಾಸ್ತಿ ದಿನ ಇಡುವ ವಸ್ತುವಲ್ಲ, ಕೆಲವೇ ತಿಂಗಳಲ್ಲಿ ಅವಧಿ ಮುಗಿಯುತ್ತದೆ. ಹಳೇ ಡಬ್ಬಿಗಳಷ್ಟೇ ಉಳಿದು ಹೊಸದು ಬರುತ್ತಿಲ್ಲ ಎಂದರೆ ಖರೀದಿ ನಿಂತಿದೆ ಎಂದರ್ಥ. ಫೀಡರ್, ನಾಜಲ್, ಸ್ಟೆನ್ಸಿಲ್‌ನಂಥ ಲೈನಿನ ಸಲಕರಣೆಗಳಿಗೆ ಯಾರೋ ಹೊರಗಿನವರು ಬಂದು ನಂಬರ್ ಅಂಟಿಸಿ ಫೋಟೋ ತೆಗೆಯುತ್ತಿದ್ದರೆ ಮೆಷಿನ್ ಮಾರುವ ಅಥವಾ ಬೇರೆ ಕಡೆ ಸಾಗಿಸುವ ಲೆಕ್ಕ ನಡೆಯುತ್ತಿದೆ ಎಂದು ಅನುಮಾನಪಡಬಹುದು.

ಮಿಕ್ಕ ಲಕ್ಷಣಗಳು ಎಲ್ಲ ಕಾರ್ಖಾನೆಯಲ್ಲೂ ಒಂದೇ. ಮೊದಲು ಓಟಿ ನಿಲ್ಲುತ್ತದೆ. ಆಮೇಲೆ ಕಾಂಟ್ರಾಕ್ಟ್ ಹುಡುಗರು, ಹುಡುಗಿಯರು ಕಾಣೆಯಾಗುತ್ತಾರೆ. ಎರಡು ರೂಟಿನ ಬಸ್ಸು ಒಂದಾಗುತ್ತದೆ. ಮೂರು ಶಿಫ್ಟ್ ಎರಡಾಗುತ್ತದೆ. ಇವುಗಳಲ್ಲಿ ಒಂದೇ ಒಂದು ಕಂಡರೆ ಗಾಬರಿ ಬೇಡ. ಮಾಡೆಲ್ ಬದಲಾಗುವ ತಿಂಗಳಲ್ಲೂ ಹೀಗಾಗುತ್ತದೆ. ನಾಲ್ಕೈದು ಒಟ್ಟಿಗೆ ಬಂದರೆ ಕಾಗದ ಪತ್ರ ಜೋಡಿಸಿಕೊಳ್ಳಲು ಶುರು ಮಾಡಿ.

ಯಾವ ಕಾಗದ?

ಅಪಾಯಿಂಟ್‌ಮೆಂಟ್ ಲೆಟರ್, ಕನ್‌ಫರ್ಮೇಷನ್ ಲೆಟರ್, ಸಿಕ್ಕಷ್ಟು ಹಿಂದಿನ ಸಂಬಳದ ಸ್ಲಿಪ್‌ಗಳು, ಸಂಬಳ ಬಿದ್ದ ಬ್ಯಾಂಕ್ ಪಾಸ್‌ಬುಕ್, ಪಿಎಫ್ ಪಾಸ್‌ಬುಕ್, ಇಎಸ್‌ಐ ನಂಬರ್, ಐಡಿ ಕಾರ್ಡಿನ ಎರಡೂ ಕಡೆಯ ಫೋಟೋ. ಸ್ಲಿಪ್‌ಗಳು ಕಂಪನಿ ಆ್ಯಪ್‌ನಲ್ಲಿ ಇದ್ದರೆ ಇವತ್ತೇ ಇಳಿಸಿಕೊಳ್ಳಿ. ಕೆಲಸದಿಂದ ತೆಗೆಯುವ ದಿನ ಬೆಳಗ್ಗೆ ಲಾಗಿನ್ ಬಂದ್ ಆಗಿರುತ್ತದೆ.

ನಮ್ಮ ಕಂಪನಿ ಲಾಭದಲ್ಲೇ ಇದೆ ಅಂತಾರೆ. ಆದರೂ ಮುಚ್ಚೋದು ಯಾಕೆ?

ಬೇರೆಯವರ ಹೆಸರಿನ ಸರಕು ಜೋಡಿಸಿಕೊಡುವ ಕಾರ್ಖಾನೆಗೆ ಲಾಭದ ಅಂಚು ತುಂಬಾ ತೆಳ್ಳಗಿರುತ್ತದೆ. ಬಿಡಿಭಾಗಗಳಲ್ಲಿ ಬಹಳಷ್ಟು ಹೊರದೇಶದಿಂದ ಬರುತ್ತವೆ. ಗಿರಾಕಿ ಒಬ್ಬರೋ ಇಬ್ಬರೋ. ಆ ಗಿರಾಕಿ ಆರ್ಡರ್ ಬೇರೆಯವರಿಗೆ ಕೊಟ್ಟರೆ, ಎಷ್ಟೇ ಚೆನ್ನಾಗಿ ಕೆಲಸ ಮಾಡಿದ ಲೈನೂ ಮುಂದಿನ ತಿಂಗಳು ಖಾಲಿ.

ಇದಕ್ಕೆ ದೊಡ್ಡ ಉದಾಹರಣೆ ತಮಿಳುನಾಡಿನ ಶ್ರೀಪೆರಂಬದೂರಿನ ನೋಕಿಯಾ ಕಾರ್ಖಾನೆ. 2006ರಲ್ಲಿ ಶುರುವಾಗಿ ಕೋಟಿಗಟ್ಟಲೆ ಫೋನ್ ಮಾಡಿದ ಜಾಗ ಅದು. 2014ರಲ್ಲಿ ನೋಕಿಯಾದ ಫೋನ್ ವ್ಯವಹಾರವನ್ನು ಮೈಕ್ರೋಸಾಫ್ಟ್ ಕೊಂಡಿತು. ತೆರಿಗೆ ತಕರಾರಿನಲ್ಲಿ ಸಿಕ್ಕಿಬಿದ್ದ ಈ ಕಾರ್ಖಾನೆ ಮಾತ್ರ ಆ ವ್ಯಾಪಾರಕ್ಕೆ ಸೇರಲಿಲ್ಲ. ಸ್ವಲ್ಪ ಕಾಲ ಆರ್ಡರ್ ಕೊಟ್ಟ ಮೈಕ್ರೋಸಾಫ್ಟ್ ಆಮೇಲೆ ನಿಲ್ಲಿಸಿತು. 2014ರ ನವೆಂಬರ್ 1ಕ್ಕೆ ಉತ್ಪಾದನೆ ಬಂದ್. ಅಷ್ಟರೊಳಗೆ ಸಾವಿರಾರು ಜನ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತಗೊಂಡು ಹೋಗಿದ್ದರು. ಅಲ್ಲಿ ಕೆಲಸಗಾರರ ತಪ್ಪು ಏನಿತ್ತು ಹೇಳಿ? ಐದಾರು ವರ್ಷದ ಮೇಲೆ ಅದೇ ಜಾಗವನ್ನು ಚಾರ್ಜರ್ ಮಾಡುವ ಸಾಲ್‌ಕಾಂಪ್ ಕಂಪನಿ ತಗೊಂಡಿತು. ಜಾಗ ಉಳಿಯಿತು, ಹಳೇ ಜನ ಚದುರಿ ಹೋದರು.

ನಮ್ಮೂರಿನವರಿಗೆ ಇದು ಹೊಸದಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯನ್ನು ನೋಡಿದವರು ಮನೆಮನೆಯಲ್ಲೂ ಸಿಗುತ್ತಾರೆ. ಅಲ್ಲಿ ಕಾರಣ ಬೇರೆ, ಕ್ವಾರ್ಟ್ಜ್ ವಾಚುಗಳ ಪೈಪೋಟಿ ಮತ್ತು ವರ್ಷಗಟ್ಟಲೆ ನಷ್ಟ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ವಿಆರ್‌ಎಸ್ ಕೊಟ್ಟರು. ಇಲ್ಲಿನ ಜಾಗ ಇಸ್ರೋ ಕೈಗೆ ಹೋಯಿತು.

ಇನ್ನೊಂದು ಕಾರಣ ಸರ್ಕಾರದ ಪ್ರೋತ್ಸಾಹ ಧನ. ಮೊಬೈಲ್ ಮತ್ತು ಕೆಲವು ಬಿಡಿಭಾಗ ಮಾಡುವವರಿಗೆ 2020ರಲ್ಲಿ ಬಂದ ಪಿಎಲ್‌ಐ ಯೋಜನೆಯಲ್ಲಿ, ಹೆಚ್ಚುವರಿ ಮಾರಾಟದ ಮೇಲೆ ಶೇ. 4ರಿಂದ 6ರಷ್ಟು ಹಣ ಐದು ವರ್ಷ ಸಿಗುವ ಏರ್ಪಾಡಿತ್ತು. ಅಂಚು ತೆಳ್ಳಗಿರುವ ಧಂದೆಯಲ್ಲಿ ಇಷ್ಟು ದುಡ್ಡು ನಿಂತರೆ ಯಾವ ಪ್ಲಾಂಟ್ ಉಳಿಸಬೇಕು, ಯಾವುದು ಬೇಡ ಎಂಬ ಲೆಕ್ಕ ಶುರುವಾಗುವುದು ಸಹಜ.

ಎಚ್‌ಆರ್ ಒಬ್ಬೊಬ್ಬರನ್ನೇ ಕರೆದು ರಾಜೀನಾಮೆ ಬರೆಸಿಕೊಳ್ತಿದ್ದಾರೆ. ಕೊಡಬೇಕಾ?

ಕೊಡಬೇಡಿ. ಕನಿಷ್ಠ ಅದೇ ದಿನ, ಅದೇ ರೂಮಿನಲ್ಲಿ ಕೊಡಬೇಡಿ.

ಅದು ನಡೆಯುವ ರೀತಿ ಬಹುತೇಕ ಎಲ್ಲ ಕಡೆ ಒಂದೇ. ಶಿಫ್ಟ್ ಮಧ್ಯೆ ಕರೆಯುತ್ತಾರೆ. ಫೋನ್ ಹೊರಗೆ ಇಡಿ ಅನ್ನುತ್ತಾರೆ. ಟೇಬಲ್ ಮೇಲೆ ಟೈಪ್ ಮಾಡಿದ ಹಾಳೆ ರೆಡಿ ಇರುತ್ತದೆ: "ವೈಯಕ್ತಿಕ ಕಾರಣದಿಂದ ನಾನು ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ." ಪಕ್ಕದಲ್ಲಿ ಪೆನ್. "ನೀವಾಗೇ ಬಿಟ್ಟರೆ ಗ್ರಾಚ್ಯುಟಿ, ಪಿಎಫ್ ಎಲ್ಲ ಸಲೀಸಾಗಿ ಮಾಡಿಕೊಡ್ತೀವಿ, ಒಳ್ಳೇ ಸರ್ಟಿಫಿಕೇಟ್ ಕೊಡ್ತೀವಿ. ನಾವೇ ತೆಗೆದರೆ ನಿಮ್ಮ ರೆಕಾರ್ಡ್ ಹಾಳಾಗುತ್ತೆ ಕಣಮ್ಮ." ಕೇಳಿದರೆ ಉಪಕಾರ ಮಾಡುತ್ತಿರುವ ಹಾಗೆ ಇರುತ್ತದೆ ಅಲ್ವಾ?

ಇಲ್ಲೇ ಆಟ ಇರುವುದು. ಪಿಎಫ್ ನಿಮ್ಮದೇ ದುಡ್ಡು. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ರಾಜೀನಾಮೆ ಕೊಟ್ಟರೂ, ಅವರೇ ತೆಗೆದರೂ ಬರಲೇಬೇಕು. ಹೇಗಿದ್ದರೂ ಬರುವುದನ್ನೇ ಕೊಡುಗೆ ಎಂದು ತೋರಿಸುತ್ತಾರೆ. ಸಹಿ ಹಾಕಿದರೆ ಹೋಗುವುದನ್ನು ಹೇಳುವುದಿಲ್ಲ. ನೋಟಿಸ್ ಅವಧಿಯ ಸಂಬಳ ಹೋಯಿತು. ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಪರಿಹಾರ ಹೋಯಿತು. ಮತ್ತೆ ಜನ ತಗೊಂಡಾಗ ನಿಮ್ಮನ್ನು ಮೊದಲು ಕರೆಯಬೇಕು ಎಂಬ ಹಕ್ಕು ಹೋಯಿತು. ಇಎಸ್‌ಐನ ನಿರುದ್ಯೋಗ ಭತ್ಯೆ ಹೋಯಿತು. ಮುಂದೆ ಕೇಸ್ ಹಾಕಿದರೂ ಮೊದಲ ಪ್ರಶ್ನೆಯೇ "ನೀವೇ ಬಿಟ್ಟಿದ್ದೀರಲ್ಲ?"

ಕಂಪನಿ ಕಡೆಯಿಂದ ಯೋಚಿಸಿದರೆ ಇನ್ನೂ ಸ್ಪಷ್ಟ. 400 ಜನ ಇರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕು. ಮೊದಲೇ 150 ಜನ "ತಾವಾಗೇ" ಬಿಟ್ಟುಹೋದರೆ? ಉಳಿಯುವುದು 250, 300ಕ್ಕಿಂತ ಕಡಿಮೆ ಜನ ಇದ್ದರೆ ಅನುಮತಿ ಬೇಡ. ಅದಕ್ಕೇ ಆ ಅವಸರ.

ರೂಮಿನಲ್ಲಿ ಜಗಳ ಆಡುವುದು ಬೇಡ. "ಮನೇಲಿ ಕೇಳಿ ಹೇಳ್ತೀನಿ ಸರ್, ಕಾಪಿ ಕೊಡಿ" ಅನ್ನಿ. ಕಾಪಿ ಕೊಡದಿದ್ದರೆ ಅದೇ ಒಂದು ಉತ್ತರ. ಏನಾದರೂ ಸಹಿ ಹಾಕಲೇಬೇಕಾದ ಸ್ಥಿತಿ ಬಂದರೆ, ಉದಾಹರಣೆಗೆ ನೋಟಿಸ್ ತಲುಪಿದ್ದಕ್ಕೆ, ಸಹಿ ಪಕ್ಕ ಕನ್ನಡದಲ್ಲೇ "ಪ್ರತಿ ಸ್ವೀಕರಿಸಿದ್ದೇನೆ, ಒಪ್ಪಿಗೆ ಇಲ್ಲ" ಎಂದು ಬರೆದು ತಾರೀಕು ಹಾಕಿ. ಖಾಲಿ ಹಾಳೆಗೆ ಮಾತ್ರ ಯಾವತ್ತೂ ಬೇಡ.

ನಾನು ಆಗಲೇ ಸಹಿ ಹಾಕಿಬಿಟ್ಟೆ. ಎಲ್ಲಾ ಮುಗೀತಾ?

ಮುಗಿದಿಲ್ಲ, ಆದರೆ ತಡ ಮಾಡಬೇಡಿ. ಬಲವಂತದಿಂದ ಬರೆಸಿಕೊಂಡ ರಾಜೀನಾಮೆಯನ್ನು ರಾಜೀನಾಮೆ ಎಂದೇ ಒಪ್ಪದ ತೀರ್ಪುಗಳಿವೆ. ಅಲ್ಲಿ ತೂಕ ಬರುವುದು ನೀವು ಎಷ್ಟು ಬೇಗ ವಿರೋಧಿಸಿದಿರಿ ಎಂಬುದಕ್ಕೆ. ಅದೇ ದಿನ ಸಂಜೆಯೋ ಮಾರನೇ ದಿನವೋ ಎಚ್‌ಆರ್‌ಗೆ ಇಮೇಲ್ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲೂ ಒಂದು ಪತ್ರ ಕಳಿಸಿ. ಇಂಥ ದಿನ, ಇಂಥ ಹೊತ್ತಿಗೆ, ಇಂಥವರ ಮುಂದೆ ಒತ್ತಾಯದಿಂದ ಸಹಿ ಮಾಡಿಸಿಕೊಂಡರು, ನಾನು ಅದನ್ನು ವಾಪಸ್ ಪಡೆಯುತ್ತಿದ್ದೇನೆ, ಕೆಲಸ ಮಾಡಲು ಸಿದ್ಧ ಇದ್ದೇನೆ. ಇಷ್ಟು ಸಾಕು. ಒಂದು ಪ್ರತಿ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಲಿ. ಮೂರು ತಿಂಗಳು ಸುಮ್ನೆ ಇದ್ದು, ಸೆಟಲ್‌ಮೆಂಟ್ ದುಡ್ಡು ಖರ್ಚು ಮಾಡಿ, ಆಮೇಲೆ "ಬಲವಂತ" ಎಂದರೆ ನಂಬುವವರು ಕಡಿಮೆ.

ಈಗ ಯಾವ ಕಾನೂನು ನಡೆಯುತ್ತಿದೆ? ಹಳೇದೋ ಹೊಸದೋ?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನಿಮಗೆ ಮುಖ್ಯವಾದ ಸಂಖ್ಯೆ 300. ಹಳೇ ಕೇಂದ್ರ ಕಾಯ್ದೆಯಲ್ಲಿ ಇದು 100 ಇತ್ತು.

300 ಅಥವಾ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆ ಮುಚ್ಚಬೇಕಾದರೆ 90 ದಿನ ಮೊದಲೇ ಸರ್ಕಾರಕ್ಕೆ ಅರ್ಜಿ ಹಾಕಬೇಕು. ಅದರ ಪ್ರತಿ ಕಾರ್ಮಿಕರ ಪ್ರತಿನಿಧಿಗಳಿಗೂ ಸಿಗಬೇಕು. ಸರ್ಕಾರ ಎರಡೂ ಕಡೆ ಕೇಳಿ ತೀರ್ಮಾನ ಹೇಳಬೇಕು. 60 ದಿನದಲ್ಲಿ ಏನೂ ಹೇಳದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಲೆಕ್ಕ. ಹಾಗಾಗಿ ನಿಮ್ಮ ಆಕ್ಷೇಪಣೆ ಆ 60 ದಿನದೊಳಗೇ ಕಚೇರಿ ತಲುಪಬೇಕು. ಅನುಮತಿ ಇಲ್ಲದೆ ಮುಚ್ಚಿದರೆ ಅದು ಅಕ್ರಮ. ಮುಚ್ಚಿಯೇ ಇಲ್ಲ ಎಂಬಂತೆ ಸಂಬಳ, ಸವಲತ್ತು ಕೇಳಬಹುದು. ಇಂಥ ಕಾರ್ಖಾನೆಯಲ್ಲಿ ಬರೀ ಜನ ಕಡಿಮೆ ಮಾಡುವುದಕ್ಕೂ ಅನುಮತಿ ಬೇಕು, ಜೊತೆಗೆ ಮೂರು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ.

300ಕ್ಕಿಂತ ಕಡಿಮೆ ಇದ್ದರೆ ಅನುಮತಿ ಬೇಡ. 50 ಅಥವಾ ಜಾಸ್ತಿ ಜನ ಇದ್ದರೆ ಮುಚ್ಚುವ 60 ದಿನ ಮೊದಲು ಸರ್ಕಾರಕ್ಕೆ ನೋಟಿಸ್ ಕೊಡಬೇಕು. ಪರಿಹಾರ ಎರಡು ಕಡೆಯೂ ಉಂಟು.

ನಮ್ಮ ಕಡೆ ಎಷ್ಟೋ ಕಾರ್ಖಾನೆಗಳಲ್ಲಿ ಕಂಪನಿ ರೋಲ್‌ನಲ್ಲಿ ಇರುವವರಿಗಿಂತ ಕಾಂಟ್ರಾಕ್ಟ್‌ನವರು ಜಾಸ್ತಿ. ಅವರನ್ನು ಸೇರಿಸಿದರೆ 300 ದಾಟುತ್ತದೆ, ಬಿಟ್ಟರೆ ದಾಟುವುದಿಲ್ಲ. ಈ ವಾದ ಬರುವುದು ಖಂಡಿತ. ಶಿಫ್ಟ್‌ನಲ್ಲಿ ದಿನಕ್ಕೆ ಸರಾಸರಿ ಎಷ್ಟು ಜನ ಇದ್ದರು ಎಂಬುದಕ್ಕೆ ಬಸ್ ಪಟ್ಟಿ, ಕ್ಯಾಂಟೀನ್ ಲೆಕ್ಕ ಇಂಥವನ್ನು ಈಗಲೇ ಹುಡುಕಿಟ್ಟುಕೊಳ್ಳಿ.

ನನಗೆ ಎಷ್ಟು ದುಡ್ಡು ಬರಬೇಕು?

ಒಂದು ಲೆಕ್ಕ ಮಾಡಿಯೇ ತೋರಿಸುತ್ತೇವೆ. ಬೇಸಿಕ್ ಮತ್ತು ಡಿಎ ಸೇರಿ ₹18,000, ಸರ್ವಿಸ್ 6 ವರ್ಷ 3 ತಿಂಗಳು, 300ಕ್ಕಿಂತ ಕಡಿಮೆ ಜನ ಇರುವ ಕಾರ್ಖಾನೆ ಎಂದಿಟ್ಟುಕೊಳ್ಳಿ.

ಒಂದು ತಿಂಗಳ ನೋಟಿಸ್ ಕೊಡದೆ ತೆಗೆದರೆ ಆ ಸಂಬಳ ₹18,000. ವರ್ಷಕ್ಕೆ 15 ದಿನದ ಪರಿಹಾರ, ಅಂದರೆ 9,000ವನ್ನು 6ರಿಂದ ಗುಣಿಸಿ, ₹54,000. ಆರು ತಿಂಗಳ ಮೇಲೆ ಇದ್ದಿದ್ದರೆ ಅದನ್ನೂ ಪೂರ್ತಿ ವರ್ಷ ಎಂದೇ ಹಿಡಿಯಬೇಕಿತ್ತು, ಇಲ್ಲಿ ಮೂರೇ ತಿಂಗಳು, ಹಾಗಾಗಿ ಬಿಟ್ಟಿದ್ದೇವೆ. ಗ್ರಾಚ್ಯುಟಿಗೆ ಸಂಬಳವನ್ನು 15 ಮತ್ತು 6ರಿಂದ ಗುಣಿಸಿ 26ರಿಂದ ಭಾಗಿಸಿ, ₹62,308 ಆಗುತ್ತದೆ. ಜನ ಕಡಿಮೆ ಮಾಡುವಾಗ ಮಾಲೀಕರು ಮರುಕೌಶಲ್ಯ ನಿಧಿಗೆ (ಕೆಲಸ ಹೋದವರು ಹೊಸ ಕೆಲಸ ಕಲಿಯಲೆಂದು ಇರುವ ನಿಧಿ) ಕಟ್ಟಬೇಕಾದ 15 ದಿನದ ಸಂಬಳ ₹9,000, ಇದು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ಒಟ್ಟು ₹1,43,308. ರಜೆ ದುಡ್ಡು, ಬೋನಸ್ ಬೇರೆ.

ರಾಜೀನಾಮೆ ಕೊಟ್ಟರೆ ಇದರಲ್ಲಿ ಉಳಿಯುವುದು ಗ್ರಾಚ್ಯುಟಿ ₹62,308 ಮಾತ್ರ. ಒಂದು ಸಹಿಗೆ ₹81,000.

ಸ್ಲಿಪ್‌ನಲ್ಲಿ ಬೇಸಿಕ್ ತೀರಾ ಕಡಿಮೆ ತೋರಿಸಿ ಮಿಕ್ಕಿದ್ದನ್ನೆಲ್ಲ ಅಲೋವೆನ್ಸ್ ಮಾಡಿದ್ದಾರಾ? ಹೊಸ ಸಂಹಿತೆಯಲ್ಲಿ ಅಲೋವೆನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗ ವೇತನಕ್ಕೇ ಸೇರುತ್ತದೆ. ಒಟ್ಟು ₹22,000ದಲ್ಲಿ ಬೇಸಿಕ್ ₹9,000 ಇದ್ದರೆ ಲೆಕ್ಕಕ್ಕೆ ₹11,000 ಹಿಡಿಯಬೇಕು.

ಕೆಲಸದಿಂದ ತೆಗೆದ ಅಥವಾ ಕಾರ್ಖಾನೆ ಮುಚ್ಚಿದ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು, ಗ್ರಾಚ್ಯುಟಿಗೆ 30 ದಿನ ಗಡುವು. "ಹೆಡ್ ಆಫೀಸಿಂದ ಅಪ್ರೂವಲ್ ಬರಬೇಕು" ಅನ್ನುವುದು ನಿಮ್ಮ ತಲೆನೋವಲ್ಲ.

"ನಷ್ಟ ಆಗಿದೆ, ಮೂರು ತಿಂಗಳ ಸಂಬಳಕ್ಕಿಂತ ಜಾಸ್ತಿ ಕೊಡೋಕಾಗಲ್ಲ" ಅಂತಾರೆ. ಸರೀನಾ?

ಮಾಲೀಕರ ಕೈ ಮೀರಿದ ಕಾರಣಕ್ಕೆ ಮುಚ್ಚಿದರೆ ಪರಿಹಾರ ಮೂರು ತಿಂಗಳ ಸರಾಸರಿ ಸಂಬಳ ದಾಟಬಾರದು ಎಂಬ ನಿಯಮ ನಿಜ. ಆದರೆ ನಷ್ಟ, ಹಣದ ತೊಂದರೆ, ಮಾಲು ಮಾರಾಟವಾಗದೆ ಉಳಿದಿದ್ದು, ಲೀಸ್ ಮುಗಿದದ್ದು ಇವು ಯಾವುವೂ "ಕೈ ಮೀರಿದ ಕಾರಣ" ಅಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಮೊದಲರ್ಧ ಎಲ್ಲರೂ ಹೇಳುತ್ತಾರೆ, ಎರಡನೇ ಅರ್ಧ ನೀವೇ ಹೇಳಬೇಕು.

ವಿಆರ್‌ಎಸ್ ಕೊಡ್ತಾರಂತೆ. ತಗೋಬಹುದಾ?

ಮೇಲಿನ ಲೆಕ್ಕ ನಿಮ್ಮ ಸಂಬಳಕ್ಕೆ ಮಾಡಿ ನೋಡಿ. ವಿಆರ್‌ಎಸ್ ಮೊತ್ತ ಅದಕ್ಕಿಂತ ಚೆನ್ನಾಗಿ ಜಾಸ್ತಿ ಇದ್ದರೆ ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ಗ್ರಾಚ್ಯುಟಿಯನ್ನೂ ರಜೆ ದುಡ್ಡನ್ನೂ ಒಳಗೆ ಸೇರಿಸಿ ದೊಡ್ಡ ಮೊತ್ತ ತೋರಿಸುವುದು ಮಾಮೂಲಿ, ಬಿಡಿಸಿ ಬರೆದುಕೊಡಿ ಎಂದು ಕೇಳಿ. ಸ್ವಯಂ ನಿವೃತ್ತಿ ತಗೊಂಡವರಿಗೆ ಇಎಸ್‌ಐ ನಿರುದ್ಯೋಗ ಭತ್ಯೆ ಸಿಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಅಭಿಪ್ರಾಯ ಕೇಳಿದರೆ, ನಿವೃತ್ತಿಗೆ ಹತ್ತಿರ ಇರುವವರಿಗೆ, ಊರಲ್ಲಿ ಜಮೀನು ಇರುವವರಿಗೆ ಒಪ್ಪಬಹುದು. ಮೂವತ್ತರ ಒಳಗಿನವರಿಗೆ ಕಂಪನಿ ಕೊಡುವ ಮೊತ್ತ ಸಾಮಾನ್ಯವಾಗಿ ಒಂದು ಬೈಕ್ ಸಾಲ ತೀರಿಸುವಷ್ಟು ಇರುತ್ತದೆ, ಅಷ್ಟೇ.

"ಆರ್ಡರ್ ಬರೋವರೆಗೆ ಮನೇಲಿರಿ, ಕರೀತೀವಿ" ಅಂದ್ರು. ಸಂಬಳ ಬರುತ್ತಾ?

ಇದು ಲೇ-ಆಫ್. 50 ಅಥವಾ ಜಾಸ್ತಿ ಜನ ಇರುವ ಕಾರ್ಖಾನೆಯಲ್ಲಿ, ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಒಂದು ವರ್ಷ ಸರ್ವಿಸ್ ಆಗಿದ್ದರೆ, ಬೇಸಿಕ್ ಮತ್ತು ಡಿಎಯ ಅರ್ಧ ಕೊಡಬೇಕು. ವರ್ಷ ಎಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು. ವಾರದ ರಜೆ ದಿನಕ್ಕೆ ಇದು ಇಲ್ಲ.

ಎಲ್ಲರೂ ಎಡವುವುದು ಇಲ್ಲಿ: ಲೇ-ಆಫ್ ಇದ್ದರೂ ದಿನಕ್ಕೊಮ್ಮೆ ನಿಗದಿಯಾದ ಹೊತ್ತಿಗೆ ಹಾಜರಾಗದಿದ್ದರೆ ಆ ದಿನದ ದುಡ್ಡು ಕೊಡದಿರಲು ಕಾನೂನೇ ದಾರಿ ಬಿಟ್ಟಿದೆ. ಬಾಯಿಮಾತಿನಲ್ಲಿ "ಬರಬೇಡಿ" ಎಂದದ್ದು ಆಮೇಲೆ "ಬರಲೇ ಇಲ್ಲ" ಆಗುತ್ತದೆ. ಬರಹದಲ್ಲಿ ಕೊಡಿ ಎಂದು ಕೇಳಿ. ಕೊಡದಿದ್ದರೆ ಗೇಟಿಗೆ ಹೋಗಿ ಪಂಚ್ ಮಾಡಿ, ಪಂಚ್ ಆಗದಿದ್ದರೆ ಗೇಟಿನ ಮುಂದೆ ನಿಂತು ಸೂಪರ್‌ವೈಸರ್‌ಗೆ "ಬಂದಿದ್ದೇನೆ" ಎಂದು ವಾಟ್ಸಾಪ್ ಮಾಡಿ. ಸಿರಾ ಕಡೆಯಿಂದಲೋ ಕೊರಟಗೆರೆಯಿಂದಲೋ ಸುಮ್ನೆ ಪಂಚ್ ಮಾಡೋಕೆ ಬರೋದು ಕಷ್ಟವೇ. ಆದರೂ ಬನ್ನಿ.

ನಾನು ಕಾಂಟ್ರಾಕ್ಟ್‌ನಲ್ಲಿ ಇದ್ದೀನಿ. ಇದೆಲ್ಲ ನನಗೆ ಅನ್ವಯಿಸುತ್ತಾ?

ಕಂಟ್ರಾಕ್ಟರ್ ಸಂಬಳ ಕೊಡದೆ ಕೈ ಎತ್ತಿದರೆ ಕೊಡುವ ಹೊಣೆ ಮುಖ್ಯ ಕಂಪನಿಯದ್ದು. ಪಿಎಫ್ ಕಟ್ಟದಿದ್ದರೂ ಅಷ್ಟೇ. ನಿಮ್ಮ ಮಾಲೀಕ ಕಂಟ್ರಾಕ್ಟರ್ ಆದ್ದರಿಂದ ಪರಿಹಾರದ ಲೆಕ್ಕ ಅವನ ಹತ್ತಿರ ಎಷ್ಟು ವರ್ಷ ಇದ್ದಿರಿ ಎಂಬುದರ ಮೇಲೆ ನಿಲ್ಲುತ್ತದೆ. ಲೈನ್ ಅದೇ, ಸೀಟ್ ಅದೇ, ವರ್ಷಕ್ಕೊಮ್ಮೆ ಕಂಟ್ರಾಕ್ಟರ್ ಹೆಸರು ಮಾತ್ರ ಬದಲು ಎಂದಾಗಿದ್ದರೆ ಅದನ್ನು ವಕೀಲರಿಗೆ ಮೊದಲೇ ಹೇಳಿ, ಅದೇ ದೊಡ್ಡ ವಿಷಯ.

ಫಿಕ್ಸೆಡ್ ಟರ್ಮ್, ಅಂದರೆ ಇಷ್ಟೇ ಅವಧಿಗೆ ಎಂದು ಬರೆದು ತಗೊಂಡ ಕೆಲಸ, ಆಗಿದ್ದರೆ ಅವಧಿ ಮುಗಿದು ಬಿಡಿಸಿದ್ದಕ್ಕೆ ಈ ಪರಿಹಾರ ಇಲ್ಲ. ಆದರೆ ಹೊಸ ಸಂಹಿತೆಯಲ್ಲಿ ಒಂದು ವರ್ಷ ಮಾಡಿದ್ದರೂ ಗ್ರಾಚ್ಯುಟಿ ಉಂಟು. ಅಪ್ರೆಂಟಿಸ್‌ಗಳಿಗೆ ಸ್ಟೈಪೆಂಡ್ ಬಾಕಿ ಮತ್ತು ತರಬೇತಿ ಸರ್ಟಿಫಿಕೇಟ್ ಬಿಟ್ಟರೆ ಕೇಳಲು ಜಾಸ್ತಿ ಇಲ್ಲ.

ಯಾರನ್ನ ಮೊದಲು ತೆಗೀಬೇಕು ಅಂತ ನಿಯಮ ಇದೆಯಾ?

ಇದೆ. ಒಂದೇ ಬಗೆಯ ಕೆಲಸದಲ್ಲಿ ಕೊನೆಗೆ ಸೇರಿದವರು ಮೊದಲು ಹೊರಗೆ. ಬೇರೆ ಕ್ರಮ ಹಿಡಿದರೆ ಕಾರಣ ಬರೆದಿಡಬೇಕು. ಹಳಬರ ಸಂಬಳ ಜಾಸ್ತಿ ಎಂದು ಹಳಬರನ್ನೇ ತೆಗೆಯುವುದು ನಡೆಯುತ್ತದೆ, ಅದಕ್ಕೆ ಹಿರಿತನದ ಪಟ್ಟಿ ಕೇಳಿ.

ನಾನು ಲೈನ್ ಲೀಡರ್. ನಮ್ಮನ್ನ ಕಾರ್ಮಿಕರು ಅನ್ನಲ್ವಂತೆ?

ಮೇಲ್ವಿಚಾರಣೆ ಕೆಲಸ ಮಾಡಿ ತಿಂಗಳಿಗೆ ₹18,000ಕ್ಕಿಂತ ಜಾಸ್ತಿ ಪಡೆಯುವವರು ಸಂಹಿತೆಯ "ಕಾರ್ಮಿಕ" ಪದದಿಂದ ಹೊರಗೆ. ಆದರೆ ನೋಡುವುದು ಕಾರ್ಡಿನ ಮೇಲಿನ ಹುದ್ದೆಯನ್ನಲ್ಲ, ಮಾಡುವ ಕೆಲಸವನ್ನು. ನೀವು ಎಂಟು ಗಂಟೆಯಲ್ಲಿ ಏಳು ಗಂಟೆ ಕೆಟ್ಟ ಬೋರ್ಡ್ ಸರಿ ಮಾಡುವ ರೀವರ್ಕ್ ಟೇಬಲ್‌ನಲ್ಲಿ ಸೋಲ್ಡರ್ ಮಾಡುತ್ತಿದ್ದರೆ, ರಜೆ ಕೊಡುವ ಅಧಿಕಾರವೂ ಇಲ್ಲದಿದ್ದರೆ, "ಲೀಡರ್" ಎಂಬ ಹೆಸರಿಗೆ ಹೆದರಬೇಕಿಲ್ಲ.

ಗರ್ಭಿಣಿ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಹೆರಿಗೆ ರಜೆಯಲ್ಲಿರುವಾಗ ಅಥವಾ ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಮೊದಲೆರಡು ಮಕ್ಕಳಿಗೆ 26 ವಾರದ ರಜೆ. ನೀವು ಇಎಸ್‌ಐನಲ್ಲಿದ್ದರೆ ಆ ದುಡ್ಡು ಕೊಡುವುದು ಇಎಸ್‌ಐ, ಕಂಪನಿಯಲ್ಲ, ಆದ್ದರಿಂದ ಇಎಸ್‌ಐ ಶಾಖಾ ಕಚೇರಿಯಲ್ಲಿ ತಡ ಮಾಡದೆ ವಿಚಾರಿಸಿ. ಗರ್ಭಿಣಿ ಎಂದು ಎಚ್‌ಆರ್‌ಗೆ ಬರಹದಲ್ಲಿ ತಿಳಿಸಿರುವುದು ಮುಖ್ಯ. ಎಷ್ಟೋ ಹೆಣ್ಣುಮಕ್ಕಳು ಕೆಲಸ ಹೋಗುತ್ತದೆಂದು ಐದಾರು ತಿಂಗಳು ಮುಚ್ಚಿಡುತ್ತಾರೆ, ಆಮೇಲೆ ಅದೇ ಅವರಿಗೆ ಅಡ್ಡ ಬರುತ್ತದೆ.

ಹೊಸೂರಿಗೋ ನೊಯ್ಡಾಗೋ ಹೋಗಿ ಅಂತಾರೆ. ಇಲ್ಲ ಅಂದ್ರೆ?

ಅಪಾಯಿಂಟ್‌ಮೆಂಟ್ ಲೆಟರ್ ನೋಡಿ. ವರ್ಗಾವಣೆ ಷರತ್ತು ಬಹಳಷ್ಟು ಕಡೆ ಇರುತ್ತದೆ. ಸುಮ್ನೆ ಹೋಗದೆ ಕೂತರೆ ಗೈರುಹಾಜರಿ ಎಂದು ತೆಗೆಯುತ್ತಾರೆ. ಮನೆ ಬಾಡಿಗೆ, ಸಂಬಳ, ಸರ್ವಿಸ್ ಮುಂದುವರಿಕೆ ಬಗ್ಗೆ ಬರಹದಲ್ಲಿ ಪ್ರಶ್ನೆ ಹಾಕಿ. ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇದ್ದರೆ ಅದನ್ನೂ ಬರೆಯಿರಿ.

ಎಲ್ಲರೂ ಒಟ್ಟಿಗೆ ಸಿಎಲ್ ಹಾಕಿ ಗೇಟ್ ಮುಂದೆ ಕೂತರೆ?

ಹುಷಾರು. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಾಗಿ ಒಂದೇ ದಿನ ಸಿಎಲ್ ಹಾಕಿದರೆ ಹೊಸ ಸಂಹಿತೆಯಲ್ಲಿ ಅದನ್ನೂ ಮುಷ್ಕರ ಎಂದೇ ಹಿಡಿಯುತ್ತಾರೆ. ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು. ನೋಟಿಸ್ ಇಲ್ಲದ ಮುಷ್ಕರ ಅಕ್ರಮ, ಕಂಪನಿಗೆ ಬೇಕಾದ ನೆಪ ಅದೇ.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆಗಿದ್ದು ನೆನಪಿರಬೇಕಲ್ಲ. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಗಲಭೆಯಾಗಿ ಸ್ಫೋಟಗೊಂಡಿತು. ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿರಲಿಲ್ಲ ಎಂದು ಕಂಪನಿಯೇ ಕೆಲವು ದಿನದಲ್ಲಿ ಒಪ್ಪಿಕೊಂಡಿತು. ಅಂದರೆ ದೂರು ನ್ಯಾಯವಾಗಿತ್ತು. ಆದರೆ ಅಷ್ಟು ಹೊತ್ತಿಗೆ ನೂರಕ್ಕೂ ಹೆಚ್ಚು ಜನರ ಬಂಧನ ಆಗಿತ್ತು, ಸಂಬಳದ ಮಾತು ಹಿಂದೆ ಸರಿದು ಒಡೆದ ಗಾಜಿನ ಮಾತೇ ಮುಂದೆ ಬಂದಿತ್ತು. ಕಾರ್ಖಾನೆ ಮತ್ತೆ ಶುರುವಾಗಿದ್ದು ಮುಂದಿನ ವರ್ಷ.

ದೂರು ಎಲ್ಲಿ ಕೊಡೋದು? ವಕೀಲರಿಗೆ ದುಡ್ಡು ಇಲ್ಲ.

ತುಮಕೂರಿನ ಕಾರ್ಮಿಕ ಇಲಾಖೆ ಕಚೇರಿಗೆ ಬರಹದಲ್ಲಿ ಕೊಡಿ, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಅಲ್ಲಿ ಮೊದಲು ಎರಡೂ ಕಡೆ ಕರೆದು ರಾಜಿ ಮಾತುಕತೆ ನಡೆಸುತ್ತಾರೆ. ಕೆಲಸದಿಂದ ತೆಗೆದ ವಿಷಯದಲ್ಲಿ ಅರ್ಜಿ ಕೊಟ್ಟು 45 ದಿನ ಕಳೆದರೂ ಬಗೆಹರಿಯದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು.

ವಕೀಲರ ಫೀ ಬಗ್ಗೆ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ವಕೀಲರು ಸಿಗುವವರ ಪಟ್ಟಿಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರ ಜೊತೆ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಗೆ ಫೋನ್ ಮಾಡಿ.

ಇಎಸ್‌ಐ ಕಾರ್ಡ್ ಕೆಲಸ ಹೋದ ದಿನವೇ ನಿಂತುಹೋಗುತ್ತಾ?

ಇಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸವಲತ್ತು, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಮನೆಯಲ್ಲಿ ಶುಗರ್, ಬಿಪಿ ಮಾತ್ರೆ ತಗೊಳ್ಳುವ ಹಿರಿಯರಿದ್ದರೆ ಇದು ಸಣ್ಣ ವಿಷಯವಲ್ಲ.

ನಿರುದ್ಯೋಗ ಭತ್ಯೆ ಎರಡು ಬಗೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಸರಾಸರಿ ದಿನದ ಸಂಬಳದ ಅರ್ಧ, 90 ದಿನದವರೆಗೆ, ಜೀವನದಲ್ಲಿ ಒಮ್ಮೆ. ಕಾರ್ಖಾನೆ ಮುಚ್ಚಿ ಅಥವಾ ಜನ ಕಡಿಮೆ ಮಾಡಿ ಕೆಲಸ ಹೋದವರಿಗೆ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, ಅದು 24 ತಿಂಗಳವರೆಗೆ. ಎರಡಕ್ಕೂ ಅರ್ಜಿಯಲ್ಲಿ ಕೆಲಸ ಹೋದ ಕಾರಣ ಕೇಳುತ್ತಾರೆ. ಮತ್ತೆ ಅದೇ ರಾಜೀನಾಮೆ ಹಾಳೆ ಅಡ್ಡ ಬರುತ್ತದೆ.

ಯುವನಿಧಿ ಸಿಗುತ್ತಾ?

ಕೆಲಸ ಕಳೆದುಕೊಂಡವರಿಗೆ ಅಲ್ಲ. ಡಿಗ್ರಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಅದು.

ಇಎಂಐ, ಸಂಘದ ಕಂತು ಹೇಗೆ ಕಟ್ಟೋದು?

ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ನೋಟಿಸ್ ಕಾಪಿ ಜೊತೆ ಹೋಗಿ ಅವಧಿ ಜಾಸ್ತಿ ಮಾಡಿಕೊಡಿ ಎಂದು ಕೇಳಿ. ತಪ್ಪಿದ ಮೇಲೆ ಹೋದರೆ ಮಾತಿನ ಧಾಟಿಯೇ ಬೇರೆ ಇರುತ್ತದೆ. ಮೈಕ್ರೋ ಫೈನಾನ್ಸ್‌ನವರು ಮನೆ ಬಾಗಿಲಿಗೆ ಬಂದು ಬೆದರಿಸುವಂತಿಲ್ಲ, ಇದಕ್ಕೆಂದೇ 2025ರಲ್ಲಿ ರಾಜ್ಯ ಕಾನೂನು ತಂದಿದೆ. ಪರಿಹಾರದ ದುಡ್ಡು ಕೈಗೆ ಬಂದ ವಾರವೇ ಚೀಟಿ, ಸೈಟು ಎಂದು ಬರುವ ನೆಂಟರಿಂದ ಸ್ವಲ್ಪ ದೂರ ಇರಿ.

ಕಂಪನಿ ದಿವಾಳಿ ಎಂದು ಕೋರ್ಟಿಗೆ ಹೋಗಿದೆಯಂತೆ.

ಪಿಎಫ್, ಗ್ರಾಚ್ಯುಟಿ ದುಡ್ಡನ್ನು ಸಾಲಗಾರರಿಗೆ ಹಂಚುವ ಆಸ್ತಿಗೆ ಸೇರಿಸುವಂತಿಲ್ಲ. ಕಂಪನಿಯನ್ನು ಮಾರಿ ಹಂಚುವಾಗ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಬ್ಯಾಂಕುಗಳ ಜೊತೆ ಸಮಾನ ಜಾಗ ಇದೆ. ಆದರೆ ತಾನಾಗೇ ಬರುವುದಿಲ್ಲ, ಪೇಪರ್ ಪ್ರಕಟಣೆಯಲ್ಲಿ ಕೊಟ್ಟ ತಾರೀಕಿನೊಳಗೆ ಕ್ಲೇಮ್ ಅರ್ಜಿ ಹಾಕಬೇಕು. ಒಬ್ಬರು ಪ್ರತಿನಿಧಿಯಾಗಿ ಎಲ್ಲರ ಪರ ಹಾಕಬಹುದು.

ಪಿಎಫ್ ಪೂರ್ತಿ ತೆಗೆದುಬಿಡಲಾ?

ಅನ್ನಕ್ಕೆ ತೊಂದರೆ ಇದ್ದರೆ ಬೇಕಾದಷ್ಟು ತೆಗೆಯಿರಿ. ಇಲ್ಲದಿದ್ದರೆ ಹೊಸ ಕೆಲಸಕ್ಕೆ ವರ್ಗ ಮಾಡಿಸಿ. ಪೆನ್ಷನ್‌ಗೆ ಹತ್ತು ವರ್ಷ ಬೇಕು, ಏಳೆಂಟು ವರ್ಷ ಆದವರು ಪೆನ್ಷನ್ ಭಾಗವನ್ನೂ ಕಿತ್ತುಕೊಂಡರೆ ಮತ್ತೆ ಸೊನ್ನೆಯಿಂದ ಶುರು. ಐದು ವರ್ಷ ಆಗುವ ಮೊದಲು ತೆಗೆದರೆ ತೆರಿಗೆ ಹಿಡಿಯುತ್ತಾರೆ, ಆದರೆ ಕಾರ್ಖಾನೆ ಮುಚ್ಚಿ ಕೆಲಸ ಹೋಗಿದ್ದರೆ ವಿನಾಯಿತಿ ಇದೆ. ಮುಚ್ಚಿದ ನೋಟಿಸ್ ಜೋಪಾನ.

ಕಂಪನಿ ಮುಚ್ಚಿ ಹೋಯಿತು, ಪಿಎಫ್‌ನಲ್ಲಿ ಕೆಲಸ ಬಿಟ್ಟ ತಾರೀಕೇ ಹಾಕಿಲ್ಲ. ಆಫೀಸಿನಲ್ಲಿ ಯಾರೂ ಇಲ್ಲ.

ಕೊನೇ ಸಲ ದುಡ್ಡು ಕಟ್ಟಿ ಎರಡು ತಿಂಗಳು ಕಳೆದ ಮೇಲೆ ಪಿಎಫ್‌ನ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಆಧಾರ್‌ಗೆ ಸೇರಿದ ಫೋನ್ ನಂಬರ್ ಚಾಲ್ತಿಯಲ್ಲಿರಬೇಕು, ಒಟಿಪಿ ಅದಕ್ಕೇ ಬರುವುದು. ಕಾರಣ ಆರಿಸುವಾಗ ಅವಸರ ಮಾಡಬೇಡಿ, ಒಮ್ಮೆ ಹಾಕಿದ್ದನ್ನು ತಿದ್ದುವುದು ತಲೆನೋವು. ಹೆಸರು ಆಧಾರ್‌ನಲ್ಲಿ "ಲಕ್ಷ್ಮೀದೇವಮ್ಮ", ಪಿಎಫ್‌ನಲ್ಲಿ "ಲಕ್ಷ್ಮಿ ಡಿ" ಇದ್ದರೆ ಅದನ್ನು ಎಚ್‌ಆರ್ ಇನ್ನೂ ಕುರ್ಚಿಯಲ್ಲಿ ಕೂತಿರುವಾಗಲೇ ಸರಿ ಮಾಡಿಸಿ. ಆಮೇಲೆ ಆದರೆ ಪಿಎಫ್ ಕಚೇರಿಗೆ ಎರಡು ಕಡೆಯ ದಾಖಲೆ ಹಿಡಿದು ನೀವೇ ಅಲೆಯಬೇಕಾಗುತ್ತದೆ.